ಕತಿ ಬ್ಯಾಡಂತ, ಖರೇ ಇದ್ದದ್ದು ಬೇಕಂತ

ಪ್ರಶ್ನೆ: ನಮಸ್ಕಾರ್ರೀ, ನನಗ ಮೂರು ಮಕ್ಳು, 4, 8, 13 ವರ್ಷದವು. ನಡುವಿನಂವ ಕತಿ ಹೇಳಾಕ ಕುಂತ್ರ "ಇದು ಖರೇನ ಆಗಿತ್ತೇನವಾ" ಅಂತಾನ. ಯಾವ ಪುಸ್ತಕ ಕೊಡಸ್ಲಿ?
ಓದುಗರೊಬ್ಬರು, ವಿಜಯಪುರ

ಉತ್ತರ: ಅಕ್ಕಾರ, ಸಣ್ಣ ಕೂಸಿಗೆ ಹಕ್ಕಿ, ಹುಳಾ, ಟ್ರ್ಯಾಕ್ಟರ್ ಚಿತ್ರ ಇರೂ ದಪ್ಪ ರಟ್ಟಿನ ಪುಸ್ತಕ ಸಾಕ್ರಿ, ಹರದ್ರೂ ಬೈಬ್ಯಾಡ್ರಿ. 8 ವರ್ಷದಂವಗ ಮೊದಲ ಏನರೆ ತೋರಸ್ರಿ, ಆಮ್ಯಾಲ ಪುಸ್ತಕ. ನಮ್ಮ ಹುಡುಗನ್ನ ಗೋಳಗುಮ್ಮಟಕ್ಕ ಕರ್ಕೊಂಡ್ ಹೋಗಿದ್ದೆ, ಮ್ಯಾಲ ಗ್ಯಾಲರಿಯೊಳಗ ನಿಂತು ಚಪ್ಪಾಳಿ ಹೊಡದು "ಸಪ್ಪಳಾ ಯಾಕ್ ತಿರುಗಿ ತಿರುಗಿ ಬರ್ತದ" ಅಂದ, ಮನಿಗೆ ಬಂದು ಧೂಳ ಹಿಡದಿದ್ದ ವಿಜ್ಞಾನದ ಪುಸ್ತಕದಾಗ ಧ್ವನಿ ಪಾಠ ಎರಡ್ ಸಲ ಓದಿದ ನೋಡ್ರಿ, ಅಲ್ಲೀತನಕ ಮುಟ್ಟಿರಲಿಲ್ಲ. ದೊಡ್ಡ ಮಗೂಗ ತೇಜಸ್ವಿಯವರ 'ಪರಿಸರದ ಕತೆ' ಕೊಡ್ರಿ, ಹೆಸರಿಗಷ್ಟ ಕತಿ, ಕಾಡು, ನಾಯಿ, ಹಕ್ಕಿ ಎಲ್ಲಾ ತಾವು ಕಂಡದ್ದ ಬರದಾರ, ಹೊಟ್ಟಿ ಹಿಡ್ಕೊಂಡು ನಗೂಹಂಗ. ನಿರಂಜನ ಸಂಪಾದಿಸಿದ 7 ಸಂಪುಟದ ಕಿರಿಯರ ವಿಶ್ವಕೋಶ 'ಜ್ಞಾನಗಂಗೋತ್ರಿ'ನೂ ಛಲೋ, ಆದ್ರ ಹಳೇದು, ಅಂಕಿ-ಅಂಶ ಬದಲಾಗ್ಯಾವ, ಲೈಬ್ರರಿಯೊಳಗ ಸಿಕ್ರ ತಿರುವಿ ಹಾಕ್ಲಿ. ಜಿಕೆ ಗೈಡ್ ಮಾತ್ರ ಬರ್ತ್‌ಡೇಕ್ಕ ಕೊಡಬ್ಯಾಡ್ರಿ ಮತ್ತ.