ಹಳೇ ಏಟಿನ ಬೆನ್ನು ನೋವು: ಆಪರೇಷನ್ ಮಾಡಿಸ್ಲಾ, ಬೇಡ್ವಾ?

ಪ್ರಶ್ನೆ: ಡಾಕ್ಟ್ರೇ, ಒಂಬತ್ತು ವರ್ಷದ ಹಿಂದೆ ಏಣಿಯಿಂದ ಬಿದ್ದು ಬೆನ್ನಿನ ಎಲ್1 ಮೂಳೆ ಕುಸಿದಿತ್ತು. ಮೂರು ತಿಂಗಳು ರೆಸ್ಟು, ಬೆಲ್ಟು ಎಲ್ಲಾ ಆಯ್ತು, ಮೂಳೆ ಕೂಡಿದೆ ಅಂದ್ರು, ಆದ್ರೆ ಸೊಂಟ ನೋವು ಮಾತ್ರ ಹೋಗೇ ಇಲ್ಲ. ಈಗ ನಂಗೆ 46. ಅರ್ಧ ಗಂಟೆ ಕೂತ್ರೆ ಎದ್ದೇಳೋದು ಕಷ್ಟ, ಬೆಳಗ್ಗೆ ಮುಖ ತೊಳೆಯೋಕೆ ಬಗ್ಗೋಕೂ ಭಯ. ಕಾಲಿಗೆ ನೋವು ಇಳಿಯಲ್ಲ. ಹೊಸ ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್, ಅಂದ್ರೆ ಮೂಳೆಗಳ ಮಧ್ಯದ ಮೆತ್ತೆ ಉಬ್ಬಿದೆ ಅಂತ ಬಂದಿದೆ. ಒಬ್ರು ಆಪರೇಷನ್ ಅಂತಾರೆ, ಇನ್ನೊಬ್ರು ಮಾತ್ರೆ ಸಾಕು ಅಂತಾರೆ. ವಾರಕ್ಕೆ ನಾಲ್ಕೈದು ಪೇನ್‌ಕಿಲ್ಲರ್ ತಗೋತಿದೀನಿ. ಏನ್ಮಾಡ್ಲಿ?

ಉತ್ತರ: ನೀವು ಬರೆದಿದ್ರಲ್ಲಿ ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು "ಬಗ್ಗೋಕೂ ಭಯ" ಅನ್ನೋ ಮಾತು, ಯಾಕಂದ್ರೆ ನಿಮ್ಮ ಟ್ರೀಟ್‌ಮೆಂಟ್ ಶುರುವಾಗ್ಬೇಕಾಗಿರೋದೇ ಅಲ್ಲಿಂದ.

ಕುಸಿದ ಬೆನ್ನುಮೂಳೆ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಕೂಡ್ಕೊಳ್ಳುತ್ತೆ, ಮುಂದಿನ ಭಾಗ ಸ್ವಲ್ಪ ತಗ್ಗಿದ ಹಾಗೇ ಉಳಿದ್ರೂ ಮೂಳೆ ಗಟ್ಟಿಯಾಗಿರುತ್ತೆ. ಆದ್ರೂ ನೋವು ಯಾಕೆ ಉಳೀತು ಅಂದ್ರೆ, ತಿಂಗಳುಗಟ್ಟಲೆ ನೋವು ಪಟ್ಟ ನರಗಳು ಸೂಕ್ಷ್ಮ ಆಗ್ಬಿಡ್ತವೆ, ಮುಂಚೆ ಲೆಕ್ಕಕ್ಕೇ ಬರದ ಸಣ್ಣ ಎಳೆತಾನೂ ಮೆದುಳಿಗೆ ನೋವು ಅಂತಾನೇ ತಲುಪುತ್ತೆ, ಜೊತೆಗೆ ಭಯಕ್ಕೆ ಬೆನ್ನು ಬಿಗಿ ಹಿಡಿದು ಹಿಡಿದು ಮಾಂಸಖಂಡ ಸೋತಿರುತ್ತೆ. ನಿಮ್ಮ ನೋವು ನಿಜ, ಅನುಮಾನಾನೇ ಬೇಡ. ಆದ್ರೆ ನೋವಾದಾಗೆಲ್ಲ ಒಳಗೆ ಏನೋ ಮುರೀತಿದೆ ಅಂತ ಅಂದ್ಕೋಬೇಡಿ.

ಡಿಸ್ಕ್ ಬಲ್ಜ್ ಬಗ್ಗೆ. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನ ಒಟ್ಟು ಸೇರಿಸಿ ನೋಡಿದ 2015ರ ಒಂದು ರಿವ್ಯೂ ಇದೆ, ಅದ್ರಲ್ಲಿ 40 ವಯಸ್ಸಿನ ಸುಮಾರು ಅರ್ಧದಷ್ಟು ಜನಕ್ಕೆ ಬಲ್ಜ್ ಇತ್ತು, 80ರಲ್ಲಿ ಅದು 84%. ಕಾಲಿಗೆ ನೋವು ಇಳೀತಿಲ್ಲ ಅಂದ್ಮೇಲೆ ಆ ಬಲ್ಜೇ ಕಾರಣ ಅಂತ ಹೇಳೋಕೆ ನಂಗೆ ಧೈರ್ಯ ಬರಲ್ಲ.

ಈಗ ಏನ್ ಮಾಡ್ಬೇಕು. ಮೂರು ತಿಂಗಳು ದಾಟಿದ ಸೊಂಟ ನೋವಿಗೆ ಡಬ್ಲ್ಯೂಎಚ್‌ಓ 2023ರಲ್ಲಿ ಕೊಟ್ಟ ಗೈಡ್‌ಲೈನ್‌ನಲ್ಲೂ ವ್ಯಾಯಾಮ, ನೋವಿನ ಬಗ್ಗೆ ತಿಳುವಳಿಕೆ, ಬೇಕಾದ್ರೆ ಸೈಕಾಲಜಿಸ್ಟ್ ಜೊತೆ ಸಿಬಿಟಿ (ಯೋಚನೆ, ಅಭ್ಯಾಸ ಬದಲಾಯಿಸೋ ಮಾತಿನ ಚಿಕಿತ್ಸೆ), ಇವೆಲ್ಲಾ ಇವೆ. ಬೆಲ್ಟು, ಟ್ರ್ಯಾಕ್ಷನ್ನು (ಬೆನ್ನನ್ನ ಎಳೆದು ಹಿಡಿಯೋದು) ಬೇಡ ಅಂತ ಇದೆ. ಹಾಗಾಗಿ ಈಗ್ಲೂ ಬೆಲ್ಟ್ ಹಾಕ್ತಿದ್ರೆ ನಿಧಾನಕ್ಕೆ ಬಿಡಿ.

ಬಗ್ಗೋದನ್ನ ಹೀಗೆ ಶುರು ಮಾಡಿ: ಕುರ್ಚಿ ಅಂಚಲ್ಲಿ ಕೂತು ಎರಡೂ ಅಂಗೈ ತೊಡೆ ಮೇಲಿಟ್ಟು, ಉಸಿರು ಬಿಡ್ತಾ ಕೈಗಳನ್ನ ಮೊಣಕಾಲಿನ ತನಕ ಜಾರಿಸಿ, ವಾಪಸ್ ಬನ್ನಿ. ಉಸಿರು ಕಟ್ಟಬೇಡಿ, ಜನ ಇಲ್ಲೇ ಹಲ್ಲು ಕಚ್ಚಿ ಬಿಗಿ ಹಿಡಿಯೋದು. ಎಂಟ್ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಅದು ಸಲೀಸಾದ್ಮೇಲೆ ಮೊಣಕಾಲಿಂದ ಕೆಳಗೆ, ಆಮೇಲೆ ನಿಂತ್ಕೊಂಡು, ಆಮೇಲೆ ಕೈಯಲ್ಲಿ ಸ್ವಲ್ಪ ಭಾರ ಹಿಡ್ಕೊಂಡು. ಜೊತೆಗೆ ನಡಿಗೆ, ಹತ್ತು ನಿಮಿಷದಿಂದ ಶುರು ಮಾಡಿ ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ, ಆರು ತಿಂಗಳ ಹೊತ್ತಿಗೆ ವಾರಕ್ಕೆ ಐದು ದಿನ ಅರ್ಧ ಗಂಟೆ ಆಗೋ ಹಾಗೆ. ಮಾಡುವಾಗ ನೋವು ಒಂಚೂರು ಏರಿ ಮಾರನೇ ದಿನ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಬಂದ್ರೆ ಸರಿಯಾಗಿದೆ ಅಂತ. ಬರ್ಲಿಲ್ಲ ಅಂದ್ರೆ ಕಮ್ಮಿ ಮಾಡಿ, ನಿಲ್ಲಿಸ್ಬೇಡಿ. ನೋವಿಲ್ಲದ ದಿನ ಬಾಕಿ ಕೆಲ್ಸ ಎಲ್ಲಾ ಒಟ್ಟಿಗೆ ಮಾಡಿ ಮೂರು ದಿನ ಮಲಗೋದು ಇದ್ಯಲ್ಲ, ಅದು ಬೇಡ್ವೇ ಬೇಡ. ನಿದ್ದೆ ಕೆಟ್ರೆ ನೋವೂ ಜಾಸ್ತಿ ಆಗುತ್ತೆ, ಅದನ್ನೂ ಡಾಕ್ಟ್ರಿಗೆ ಹೇಳಿ.

ಪೇನ್‌ಕಿಲ್ಲರ್ ವಿಷ್ಯದಲ್ಲಿ ನಂಗೆ ನಿಮ್ಮ ಬಗ್ಗೆ ಚಿಂತೆ ಇದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ್ದು ನೋವು ಜೋರಾದಾಗ ಕೆಲವು ದಿನಕ್ಕೆ ಓಕೆ, ಆದ್ರೆ ವರ್ಷಗಟ್ಟಲೆ ತಗೊಂಡ್ರೆ ಹೊಟ್ಟೆ ಹುಣ್ಣು, ಕಿಡ್ನಿ, ಬಿಪಿ ಮೂರಕ್ಕೂ ಕಷ್ಟ. ಈ ವಾರಾನೇ ಬಿಪಿ ನೋಡಿಸಿ, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ. ಡುಲೋಕ್ಸೆಟಿನ್ ಅಂತ ಒಂದು ಮಾತ್ರೆ ಕೆಲವರಿಗೆ ಸ್ವಲ್ಪ ಮಟ್ಟಿಗೆ ಉಪಯೋಗ ಆಗುತ್ತೆ, ಡಾಕ್ಟ್ರನ್ನ ಕೇಳದೆ ಶುರು ಮಾಡೋದೂ ಬೇಡ, ದಿಢೀರ್ ಅಂತ ನಿಲ್ಲಿಸೋದೂ ಬೇಡ. ಟ್ರಮಡಾಲ್ ಥರದ್ದು ಅಭ್ಯಾಸ ಆಗ್ಬಿಡುತ್ತೆ, ಇಂಥ ನೋವಿಗೆ ನಾನು ಬರೆಯಲ್ಲ.

ಇಂಜೆಕ್ಷನ್? ಬೆನ್ನಿನೊಳಗೆ ನರಗಳ ಸುತ್ತಲಿನ ಜಾಗಕ್ಕೆ ಕೊಡೋ ಎಪಿಡ್ಯೂರಲ್ ಸ್ಟಿರಾಯ್ಡ್ ಮುಖ್ಯವಾಗಿ ಕಾಲಿಗೆ ಇಳಿಯೋ ನೋವಿಗೆ, ಅದೂ ಸ್ವಲ್ಪ ಕಾಲಕ್ಕೆ, ನಿಮ್ಗೆ ಬೇಕಾಗಿಲ್ಲ. ಬೆನ್ನುಮೂಳೆಗಳ ಹಿಂಭಾಗದ ಸಣ್ಣ ಕೀಲು, ಅಂದ್ರೆ ಫ್ಯಾಸೆಟ್ ಜಾಯಿಂಟಿಂದಾನೇ ನೋವು ಬರ್ತಿರಬಹುದು ಅನ್ಸಿದ್ರೆ, ಮೊದ್ಲು ಮರಗಟ್ಟಿಸೋ ಔಷಧಿ ಕೊಟ್ಟು ಟೆಸ್ಟ್ ಮಾಡಿ, ಅದ್ರಲ್ಲಿ ನೋವು ಚೆನ್ನಾಗಿ ಇಳಿದ್ರೆ ಮಾತ್ರ ಆ ಕೀಲಿನ ನರವನ್ನ ಬಿಸಿಯಿಂದ ಸುಡೋ ರೇಡಿಯೋಫ್ರೀಕ್ವೆನ್ಸಿ ಮಾಡ್ತಾರೆ. ಆ ನರ ಮತ್ತೆ ಬೆಳೆಯುತ್ತೆ, ಹಾಗಾಗಿ ಫಲ ಸಿಕ್ರೂ ಸುಮಾರು ಆರು ತಿಂಗಳಿಂದ ವರ್ಷ.

ಒಂದು ಎಚ್ಚರಿಕೆ ಮಾತ್ರ ಮರೀಬೇಡಿ. ಮೂತ್ರ ಕಟ್ಟೋದು ಅಥವಾ ಗೊತ್ತಾಗದೆ ಹೋಗೋದು, ಮಲದ ಮೇಲೆ ಹಿಡಿತ ತಪ್ಪೋದು, ಕೂರೋ ಜಾಗ ಜೋಮು ಹಿಡಿಯೋದು, ಕಾಲಿನ ಶಕ್ತಿ ಕುಂದೋದು ಕಂಡ್ರೆ ಆವತ್ತೇ ಎಮರ್ಜೆನ್ಸಿಗೆ ಹೋಗಿ. ಜ್ವರ, ಕಾರಣ ಇಲ್ದೆ ತೂಕ ಇಳಿಯೋದು ಇದ್ರೂ ತಡ ಮಾಡ್ಬೇಡಿ.

ಇನ್ನು ಆಪರೇಷನ್. ನರ ಒತ್ತಿ ಕಾಲು ಸೋಲ್ತಿದ್ರೆ ಅಥವಾ ಮೂಳೆ ಜಾರಿ ಅಲ್ಲಾಡ್ತಿದ್ರೆ ಅದರ ಮಾತೇ ಬೇರೆ, ಆದ್ರೆ ಬರೀ ಸೊಂಟ ನೋವಿಗೆ ಅಂತ ಫ್ಯೂಷನ್ (ಬೆನ್ನುಮೂಳೆಗಳನ್ನ ಒಂದಕ್ಕೊಂದು ಕೂಡಿಸೋ ಆಪರೇಷನ್) ಮಾಡಿಸ್ಕೊಂಡವರು ಒಳ್ಳೇ ರಿಹ್ಯಾಬ್ ಮಾಡಿದವರಿಗಿಂತ ಹೇಳ್ಕೊಳ್ಳೋ ಅಷ್ಟು ಚೆನ್ನಾಗೇನೂ ಆಗಲ್ಲ. ನಿಮ್ಮನ್ನ ಕಣ್ಣಾರೆ ಪರೀಕ್ಷೆ ಮಾಡಿದವರು ಆ ಸರ್ಜನ್ನೇ, ಅದಕ್ಕೆ ಅವರನ್ನೇ ನೇರವಾಗಿ ಕೇಳಿ: ಯಾವುದಾದ್ರೂ ನರ ಒತ್ತಿದ್ಯಾ, ಮೂಳೆ ಜಾರಿದ್ಯಾ, ಆರು ತಿಂಗಳು ವ್ಯಾಯಾಮ ಮಾಡಿ ನೋಡಿದ್ರೆ ಏನಾದ್ರೂ ಹಾನಿ ಆಗುತ್ತಾ? ಮೂರಕ್ಕೂ ಇಲ್ಲ ಅಂದ್ರೆ ಆ ಆರು ತಿಂಗಳು ತಗೊಳ್ಳಿ.