ಕರುಳಿನ ಕ್ಯಾನ್ಸರ್ ಭಯಕ್ಕೆ ಹಾಲು ಬಿಡಬೇಕೆ?

ತಂದೆಗೆ 46ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಾಗಿತ್ತು, ನಾನು ಹಾಲು-ಮೊಸರು ಬಿಡಲೇ ಎಂದು ಕೇಳಿದ್ದೀರಿ. ಬಿಡಬೇಡಿ, ಇಲ್ಲಿ ಲೆಕ್ಕ ಉಲ್ಟಾ. ಹಾಲಿನ ಕ್ಯಾಲ್ಸಿಯಂ ಕರುಳಿನಲ್ಲಿ ಪಿತ್ತಾಮ್ಲಗಳನ್ನು (ಕೊಬ್ಬು ಜೀರ್ಣಿಸಲು ಪಿತ್ತರಸದಲ್ಲಿ ಬರುವ ಆಮ್ಲಗಳು) ಹಿಡಿದುಕೊಂಡು ಮಲದೊಡನೆ ಹೊರಹೋಗುತ್ತದೆ. ಅವುಗಳಿಂದ ಕರುಳಿನ ಒಳಪದರಕ್ಕೆ ಆಗುವ ಹಾನಿ ಅಷ್ಟು ಕಡಿಮೆ. 2025ರಲ್ಲಿ ಪ್ರಕಟವಾದ, ಬ್ರಿಟನ್ನಿನ 5.4 ಲಕ್ಷ ಮಹಿಳೆಯರ ಅಧ್ಯಯನದಲ್ಲಿ ದಿನಕ್ಕೆ 300 ಮಿ.ಗ್ರಾಂ (ಒಂದು ದೊಡ್ಡ ಲೋಟ ಹಾಲಿನಷ್ಟು) ಹೆಚ್ಚು ಕ್ಯಾಲ್ಸಿಯಂ ಸೇವಿಸಿದವರಲ್ಲಿ ಅಪಾಯ ಶೇ. 17ರಷ್ಟು ಕಡಿಮೆ ಕಂಡಿತು. ಖಾತರಿಯಲ್ಲ, ಸಂಬಂಧ ಮಾತ್ರ.

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್ ವಿಷಯ ಬೇರೆ. ಹಾಲು, ಕ್ಯಾಲ್ಸಿಯಂ ಅತಿಯಾದರೆ ಅಪಾಯ ಏರಬಹುದೆಂಬ ಸೀಮಿತ ಪುರಾವೆ ಇದೆ. ಗಂಡಸರು ಒಂದೆರಡು ಲೋಟಕ್ಕೆ ನಿಲ್ಲಿಸಿ, ವೈದ್ಯರು ಹೇಳದೆ ಕ್ಯಾಲ್ಸಿಯಂ ಮಾತ್ರೆ ನುಂಗದಿರುವುದು ಒಳ್ಳೆಯದು. ಹಾಲಿಗೆ ಹೊಟ್ಟೆ ಉಬ್ಬರಿಸಿದರೆ ಮೊಸರು, ರಾಗಿ ಮುದ್ದೆ ಇದೆಯಲ್ಲ.

ನಿಮಗೆ ಹಾಲಿಗಿಂತ ಮುಖ್ಯ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ): 40ಕ್ಕೆ ಅಥವಾ ತಂದೆಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಬೇಗವೋ ಅದು. ಅಂದರೆ 36ಕ್ಕೆ.