ಆರ್ ಸ್ಕ್ವೇರ್ 0.98 ಬಂದರೆ ಸಾಕೇ?

ಪ್ರಶ್ನೆ: ಹನ್ನೊಂದು ವರ್ಷಗಳ ಮುಂಗಾರು ಮಳೆ ಮತ್ತು ರಾಗಿ ಇಳುವರಿಯ ದತ್ತಾಂಶಕ್ಕೆ ಎಕ್ಸೆಲ್‌ನಲ್ಲಿ ಆರನೇ ಘಾತದ ಟ್ರೆಂಡ್‌ಲೈನ್ ಎಳೆದಿದ್ದೇನೆ. ಆರ್ ಸ್ಕ್ವೇರ್ (ಗೆರೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, ಪೂರ್ತಿ ಹೊಂದಿದರೆ 1) 0.98 ಬಂದಿದೆ. ನಕ್ಷೆಯ ಮೇಲಿನ ಸಮೀಕರಣದಿಂದ ಮುಂದಿನ ವರ್ಷದ ಇಳುವರಿಯನ್ನು ಅಂದಾಜಿಸಬಹುದೇ?

ಉತ್ತರ: ಅಂದಾಜಿಸಬಾರದು. ಬೆಳೆ ಬೇರೆ, ಅಂಕಿ ಬೇರೆ, ಆದರೆ ಇದೇ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ. ಆರನೇ ಘಾತದ ಬಹುಪದದಲ್ಲಿ ಏಳು ಗುಣಾಂಕಗಳಿವೆ. ನಿಮ್ಮಲ್ಲಿರುವುದು ಹನ್ನೊಂದೇ ಬಿಂದುಗಳು. ಘಾತವನ್ನು ಹತ್ತಕ್ಕೆ ಏರಿಸಿದರೆ ಗೆರೆ ಎಲ್ಲ ಬಿಂದುಗಳನ್ನೂ ಮುಟ್ಟಿ ಆರ್ ಸ್ಕ್ವೇರ್ ಸರಿಯಾಗಿ 1 ಆಗುತ್ತದೆ. ಮಳೆಯ ಜಾಗದಲ್ಲಿ ಬಸ್ ಟಿಕೆಟ್ಟಿನ ಸಂಖ್ಯೆಗಳನ್ನು ತುಂಬಿದರೂ ಹಾಗೆಯೇ ಆಗುತ್ತದೆ. ಬಹುಪದಕ್ಕೆ ಪದಗಳನ್ನು ಸೇರಿಸುತ್ತ ಹೋದಂತೆ ಆರ್ ಸ್ಕ್ವೇರ್ ಎಂದೂ ಇಳಿಯುವುದಿಲ್ಲವಾದ್ದರಿಂದ, ಅದರ ಏರಿಕೆಯನ್ನು ಮಾದರಿಯ ಗುಣವೆಂದು ತಿಳಿಯುವುದು ತಪ್ಪು. ಮೇಲಾಗಿ, ನಕ್ಷೆಯ ಮೇಲೆ ಕಾಣುವ ಗುಣಾಂಕಗಳು ಕೆಲವೇ ಅಂಕಿಗಳಿಗೆ ಮೊಟಕಾದವು. 700 ಮಿಲಿಮೀಟರ್ ಮಳೆಯ ಆರನೇ ಘಾತ ಒಂದರ ಮುಂದೆ 17 ಸೊನ್ನೆ ಇಟ್ಟ ಸಂಖ್ಯೆಗಿಂತ ದೊಡ್ಡದು, ಅದಕ್ಕೆ ಮೊಟಕಾದ ಗುಣಾಂಕವನ್ನು ಗುಣಿಸಿದರೆ ಬರುವ ಇಳುವರಿಗೆ ಅರ್ಥವೇ ಇರುವುದಿಲ್ಲ.

ಆರ್ ಸ್ಕ್ವೇರ್ ಒಂದನ್ನೇ ನೋಡಿದರೆ ಸಾಲದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೂಂಬ್ 1973ರಲ್ಲಿ ಹನ್ನೊಂದು ಬಿಂದುಗಳ ನಾಲ್ಕು ದತ್ತಾಂಶಗಳನ್ನು ಪ್ರಕಟಿಸಿದರು. ನಾಲ್ಕಕ್ಕೂ ಒಂದೇ ರೇಖೆ: ಛೇದ (ರೇಖೆ ಲಂಬ ಅಕ್ಷವನ್ನು ಮುಟ್ಟುವ ಎತ್ತರ) 3, ಇಳಿಜಾರು 0.5, ಆರ್ ಸ್ಕ್ವೇರ್ 0.67. ನಕ್ಷೆ ಬರೆದು ನೋಡಿದರೆ ಒಂದು ಮಾತ್ರ ರೇಖೆಗೆ ಒಪ್ಪುತ್ತದೆ, ಎರಡನೆಯದು ಸ್ಪಷ್ಟವಾಗಿ ಬಾಗಿದೆ. ಮೂರನೆಯದರಲ್ಲಿ ಹತ್ತು ಬಿಂದುಗಳು ಸಾಲಾಗಿ ನಿಂತಿದ್ದು, ಮೇಲೆ ಸಿಡಿದು ನಿಂತ ಒಂದೇ ಬಿಂದು ಇಳಿಜಾರನ್ನು 0.35ರಿಂದ 0.5ಕ್ಕೆ ಎಳೆದಿದೆ; ನಾಲ್ಕನೆಯದರಲ್ಲಿ ಹತ್ತು ಬಿಂದುಗಳು ಒಂದೇ ಲಂಬ ಸಾಲಿನಲ್ಲಿದ್ದು, ದೂರದಲ್ಲಿರುವ ಇನ್ನೊಂದು ಬಿಂದುವನ್ನು ತೆಗೆದರೆ ರೇಖೆ ಎಳೆಯಲು ಆಧಾರವೇ ಉಳಿಯುವುದಿಲ್ಲ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಈ ದತ್ತಾಂಶ ಜೊತೆಗೇ ಬರುತ್ತದೆ. ಇಂದೇ ತೆರೆದು ನೋಡಿ.

ನೀವು ಮಾಡಬೇಕಾದದ್ದು ಇಷ್ಟು. ಎರಡನೇ ಘಾತದ ಗೆರೆಯನ್ನು ಎಳೆಯಿರಿ, ಏಕೆಂದರೆ ಮಳೆ ಅತಿಯಾದಾಗ ಇಳುವರಿ ಕುಸಿಯುವುದಕ್ಕೆ ಹೊಲದಲ್ಲಿ ಕಾರಣವಿದೆ. ಶೇಷಗಳನ್ನು (ನಿಜವಾದ ಇಳುವರಿಗೂ ಗೆರೆ ಹೇಳುವ ಇಳುವರಿಗೂ ಇರುವ ವ್ಯತ್ಯಾಸಗಳನ್ನು) ಮಳೆಯ ಎದುರು ನಕ್ಷೆಯಲ್ಲಿ ಗುರುತಿಸಿ. ಒಂದೊಂದೇ ವರ್ಷವನ್ನು ಹೊರಗಿಟ್ಟು, ಉಳಿದ ಹತ್ತರಿಂದ ಆ ವರ್ಷದ ಇಳುವರಿಯನ್ನು ಅಂದಾಜಿಸಿ, ತಪ್ಪು ಎಷ್ಟೆಂದು ಬರೆದಿಡಿ. ಹನ್ನೊಂದು ಬಿಂದುಗಳಿಗೆ ಎರಡಕ್ಕಿಂತ ಹೆಚ್ಚಿನ ಘಾತವನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಬಿಡುವುದಿಲ್ಲ; ಅತಿ ಎಚ್ಚರಿಕೆ ಎನ್ನಿಸಿದರೂ ಸರಿಯೆ.

ಪ್ರಶ್ನೆ: ಆರ್, ಮ್ಯಾಟ್‌ಲ್ಯಾಬ್, ಎಸ್‌ಪಿಎಸ್‌ಎಸ್, ಈ ಲೆಕ್ಕದ ತಂತ್ರಾಂಶಗಳಲ್ಲಿ ಯಾವುದು ನಿಖರ?

ಉತ್ತರ: ಸರಳ ರೇಖೆಗೆ ಮೂರೂ ಒಂದೇ ಉತ್ತರ ಕೊಡುತ್ತವೆ.

ಪ್ರಶ್ನೆ: ಪಿ ಮೌಲ್ಯ (ನಿಜವಾಗಿ ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಬಲವಾದ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ; 0.05ಕ್ಕಿಂತ ಕಡಿಮೆ ಇರಬೇಕೆಂಬುದು ರೂಢಿ) 0.06 ಬಂದಿದೆ. ಎರಡು ಬಿಂದು ತೆಗೆದು 0.05ಕ್ಕಿಂತ ಕೆಳಗೆ ತಂದುಕೊಡುತ್ತೇವೆ ಎಂದು ಪ್ರಬಂಧಗಳ ಲೆಕ್ಕ ಮಾಡಿಕೊಡುವವರು ಹೇಳಿದ್ದಾರೆ.

ಉತ್ತರ: ಅವರು ದುಡ್ಡಿಗೆ ಸುಳ್ಳು ಫಲಿತಾಂಶ ಮಾರುತ್ತಿದ್ದಾರೆ, ಅವರ ಹತ್ತಿರ ಮತ್ತೆ ಹೋಗಬೇಡಿ. ಅಳತೆ ತಪ್ಪಿತ್ತೆಂದು ನಿಮ್ಮ ಹೊಲದ ಪುಸ್ತಕದಲ್ಲಿ ಅಂದೇ ಬರೆದಿದ್ದರೆ ಮಾತ್ರ ಬಿಂದುವನ್ನು ತೆಗೆಯಿರಿ, ತೆಗೆದದ್ದನ್ನು ಪ್ರಬಂಧದಲ್ಲಿ ಹೇಳಿ, ಇಲ್ಲದಿದ್ದರೆ 0.06 ಎಂದೇ ಬರೆಯಿರಿ.